ತಿಳಿಯಲಿಲ್ಲ ಎನ್ನುವ ಯೋಗ್ಯತೆ

ಎಂಟನೆಯ ತರಗತಿಯ ಪ್ರವೇಶದ ಅರ್ಜಿಯಲ್ಲಿ ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ ಎಂದು ಮೂರು ಸಾಲು ಇರುತ್ತವೆ. ಹೆಸರು, ಜಾತಿ, ಆದಾಯವನ್ನೆಲ್ಲ ಸರಸರ ಬರೆಸುವ ಪಾಲಕರು ಅಲ್ಲಿಗೆ ಬಂದರೆ ತಡವರಿಸುತ್ತಾರೆ. ನಾನು ಹಾವೇರಿ ಜಿಲ್ಲೆಯ ಹೊಸರಿತ್ತಿಯವನು. ಬ್ಯಾಡಗಿ, ರಾಣೆಬೆನ್ನೂರು ತಾಲೂಕಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಜೂನ್ ಬಂತೆಂದರೆ ಇವತ್ತಿಗೂ ವರದಾ ನದಿಯ ದಂಡೆಯ ಊರುಗಳಿಂದ ಯಾರಾದರೂ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಾರೆ. "ಸರ್ರ, ನಮ್ಮ ಹುಡುಗಗ ಇಂಗ್ಲಿಷ್ ಫಸ್ಟ್ ಲ್ಯಾಂಗ್ವೇಜ್ ನೀಗತೈತೇನ್ರಿ? ಇಲ್ಲಾ, ಸೆಕೆಂಡ್ ಇರ್ಲೇನ್ರಿ?"

ಕೇಳಿದರೆ ಇದು ಶಾಲೆಯ ಪ್ರಶ್ನೆ. ನನಗೆ ಮಾತ್ರ ಇದು ಉಪನಿಷತ್ತಿನಷ್ಟು ಹಳೆಯದೆನಿಸುತ್ತದೆ. ಯಾರು ಯಾವುದನ್ನು ಕಲಿಯಲು ಯೋಗ್ಯರು? ಆ ಯೋಗ್ಯತೆಯನ್ನು ಕಲಿಕೆ ಶುರುವಾಗುವ ಮೊದಲೇ ಅಳೆಯಲು ಬರುತ್ತದೆಯೇ?

ಮೊದಲು ವ್ಯವಹಾರದ ಮಾತು ಮುಗಿಸಿಬಿಡುತ್ತೇನೆ. ನಮ್ಮ ರಾಜ್ಯದ ಪಠ್ಯಕ್ರಮದಲ್ಲಿ ಇಂಗ್ಲಿಷ್ ಒಂದಲ್ಲ, ಮೂರು. ಪ್ರಥಮ ಭಾಷೆಯದು, ದ್ವಿತೀಯದ್ದು, ತೃತೀಯದ್ದು. ಮೂರಕ್ಕೂ ಪುಸ್ತಕ ಬೇರೆ, ಪ್ರಶ್ನೆಪತ್ರಿಕೆ ಬೇರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕನ್ನಡ ಮಾಧ್ಯಮದ ಮಗುವಿಗೆ ಸಾಮಾನ್ಯವಾಗಿ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ. ಇಂಗ್ಲಿಷ್ ಮಾಧ್ಯಮದಲ್ಲಿ ಮೊದಲೆರಡು ಅದಲುಬದಲಾಗುವುದೇ ಹೆಚ್ಚು. ಆದರೆ ಮಾಧ್ಯಮವೇ ಬೇರೆ, ಭಾಷೆಯ ಮಟ್ಟವೇ ಬೇರೆ. ವಿಜ್ಞಾನ, ಗಣಿತವನ್ನು ಇಂಗ್ಲಿಷಿನಲ್ಲಿ ಓದುತ್ತಲೇ ಕನ್ನಡವನ್ನು ಪ್ರಥಮ ಭಾಷೆಯಾಗಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಇಟ್ಟುಕೊಳ್ಳಬಹುದು. ಈ ಜೋಡಣೆ ನಿಮ್ಮ ಶಾಲೆಯಲ್ಲಿ ಇದೆಯೇ ಎಂದು ಬಾಯಿಬಿಟ್ಟು ಕೇಳುವವರು ಕಡಿಮೆ. ಪಟ್ಟಣದ ಕೆಲವರ ಲೆಕ್ಕ ಇನ್ನೊಂದು: ಸಂಸ್ಕೃತವನ್ನು ಪ್ರಥಮ ಭಾಷೆ ಮಾಡಿಕೊಂಡರೆ 125ಕ್ಕೆ 125 ಬೀಳುತ್ತದೆ. ದೇವಭಾಷೆಗೆ ಇಷ್ಟು ಭಕ್ತರಿದ್ದಾರಲ್ಲ ಎಂದು ನಾನು ಮೊದಮೊದಲು ಸಂತೋಷಪಟ್ಟಿದ್ದೆ. ಪಿಯುಸಿಗೆ ಹೋದಮೇಲೆ ಅವರಲ್ಲಿ ಎಷ್ಟು ಜನ ಆ ಪುಸ್ತಕ ಮತ್ತೆ ತೆರೆದರೋ!

ಅಂಕದ ಲೆಕ್ಕ ತಪ್ಪಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಹಮಾಲಿ ಮಾಡುವವನಿಗೆ ಮಗನ ಅಂಕಪಟ್ಟಿಯೇ ಆಸ್ತಿ. ಇಂಗ್ಲಿಷ್ ಯಾಕೆ ಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ, ರಾಣೆಬೆನ್ನೂರಿನ ಬೀಜದ ಅಂಗಡಿಯ ಪಾಕೀಟಿನ ಮೇಲಿನ ಬರಹ, ಔಷಧದ ಬಾಟಲಿಯ ಸಣ್ಣ ಅಕ್ಷರ, ಎಲ್ಲವೂ ಅವನಿಗೆ ಅದನ್ನೇ ಹೇಳುತ್ತವೆ. ಅವನ ಪ್ರಶ್ನೆ ಒಂದೇ: ನನ್ನ ಮಗ ಎಲ್ಲಿ ಕೂಡಬೇಕು?

ನಮ್ಮ ದರ್ಶನಗಳಲ್ಲಿ ಈ ಪ್ರಶ್ನೆಗೆ ದೊಡ್ಡ ಜಾಗವಿದೆ. ವೇದಾಂತದ ಗ್ರಂಥಗಳು ಶುರುವಿನಲ್ಲೇ ಅಧಿಕಾರಿ ಯಾರು, ಅಂದರೆ ಈ ವಿದ್ಯೆಗೆ ತಕ್ಕವನು ಯಾರು ಎಂದು ವಿಚಾರಿಸುತ್ತವೆ. ನಿತ್ಯ ಯಾವುದು, ಅನಿತ್ಯ ಯಾವುದು ಎಂಬ ವಿವೇಕ, ಫಲದಾಸೆಯಿಂದ ದೂರವಿರುವ ವೈರಾಗ್ಯ, ಶಮದಮಾದಿ ಆರು ಗುಣ, ಬಿಡುಗಡೆಯ ತೀವ್ರ ಬಯಕೆ, ಈ ನಾಲ್ಕು ಇದ್ದವನಿಗೆ ಮಾತ್ರ ಪಾಠ. ಇದರಲ್ಲಿ ವಿವೇಕವಿದೆ. ಹಲ್ಲು ಬರದ ಕೂಸಿಗೆ ಜೋಳದ ರೊಟ್ಟಿ ಕೊಟ್ಟರೆ ರೊಟ್ಟಿಯೂ ದಂಡ, ಕೂಸಿಗೂ ಹಸಿವು. ಆದರೆ ಇದೇ ವಿಚಾರ ಎಷ್ಟು ಬಾಗಿಲುಗಳಿಗೆ ಅಗಳಿ ಹಾಕಿದೆ ಎಂಬುದೂ ನಮಗೆ ಗೊತ್ತು. ಶೂದ್ರನಿಗೆ ವೇದವಿದ್ಯೆ ಇಲ್ಲವೆಂದು ತೀರ್ಮಾನಿಸುವ ಅಧಿಕರಣ ಬ್ರಹ್ಮಸೂತ್ರದ ಭಾಷ್ಯಗಳಲ್ಲೇ ಇದೆ. ಮನಸ್ಸಿನ ಸಿದ್ಧತೆಯನ್ನು ನೋಡಬೇಕಾದ ಕಣ್ಣು ಹುಟ್ಟನ್ನು ನೋಡಿತು.

ಹನ್ನೆರಡನೆಯ ಶತಮಾನದ ಶರಣರು ಮೆಟ್ಟಿಲುಗಳನ್ನು ಒಡೆದು ಹಾಕಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳನ್ನು ಅವರೂ ಹೇಳಿದರು. ಬೇರೆಯಾದದ್ದು ಎರಡು ಕಡೆ. ಒಂದು, ಮೊದಲ ಮೆಟ್ಟಿಲಿಗೆ ಕಾವಲುಗಾರನನ್ನು ಇಡಲಿಲ್ಲ; ಸಮಗಾರನೂ ಬಂದ, ಅಂಬಿಗನೂ ಬಂದ, ಸೂಳೆಯೂ ಬಂದಳು. ಎರಡು, ಒಂದೊಂದು ಸ್ಥಲದೊಳಗೂ ಉಳಿದ ಸ್ಥಲಗಳು ಅಡಗಿವೆ ಎಂದರು. ಭಕ್ತನೊಳಗೇ ಐಕ್ಯನ ಬೀಜವಿದೆ. ಹಾಗಿದ್ದರೆ ಕೆಳಗಿನ ಮೆಟ್ಟಿಲಲ್ಲಿ ನಿಂತವನನ್ನು ಕೀಳೆಂದು ಕರೆಯಲು ಯಾವ ಆಧಾರವೂ ಉಳಿಯುವುದಿಲ್ಲ.

ಶಾಲೆಯ ಶಿಕ್ಷಕರ ಕೋಣೆಯಲ್ಲಿ ಈ ವಾದ ಬೇರೆ ವೇಷದಲ್ಲಿ ಬರುತ್ತಿತ್ತು. ಗೀತೆಯನ್ನು ನಿತ್ಯ ಓದುವ ಹಿರಿಯ ಸಹೋದ್ಯೋಗಿಯೊಬ್ಬರು ಕೂಲಿಕಾರರ ಮಕ್ಕಳ ಅರ್ಜಿ ಬಂದಾಗ ಸ್ವಧರ್ಮದ ಮಾತು ತೆಗೆಯುತ್ತಿದ್ದರು. ಅವರವರಿಗೆ ನೀಗುವುದನ್ನು ಅವರವರು ಮಾಡಬೇಕು, ದ್ವಿತೀಯ ಭಾಷೆಯಲ್ಲಿ ಪಾಸಾದರೆ ಅದೇ ದೊಡ್ಡದು ಎನ್ನುವುದು ಅವರ ನಿಲುವು. ಎದುರಿಗೆ ಕೂತ ಪಾಲಕರ ನಿಲುವು ತೀರ ಉಲ್ಟಾ. "ನಮ್ಮ ಓಣ್ಯಾಗ ಎಲ್ಲಾರ ಹುಡುಗ್ರೂ ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್ ತಗೊಂಡಾರ್ರೀ, ನಮ್ಮಂವ ಏನ್ ಕಡಿಮಿ?" ನೋಡಲು ಇಬ್ಬರೂ ಎದುರಾಳಿಗಳು. ಆದರೆ ಒಬ್ಬರು ಹುಡುಗನ ಮನೆಯನ್ನು ನೋಡಿ ಅವನು ಯಾರೆಂದು ನಿರ್ಧರಿಸಿದ್ದಾರೆ, ಇನ್ನೊಬ್ಬರು ಪಕ್ಕದ ಮನೆಯನ್ನು ನೋಡಿ. ಹುಡುಗ ಬಾಗಿಲ ಹತ್ತಿರ ನಿಂತೇ ಇರುತ್ತಾನೆ. ಅವನನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ನಾಡಿನ ಮಟ್ಟದಲ್ಲೂ ಇದೇ ವಾದ ನಡೆದಿದೆ. ಹೈಸ್ಕೂಲಿನಲ್ಲಿ ಯಾವ ಭಾಷೆ ಮೊದಲ ಮಣೆಯ ಮೇಲೆ ಕೂಡಬೇಕೆಂಬ ದೊಡ್ಡ ಜಗಳದ ಮಧ್ಯದಲ್ಲಿ ಇದ್ದವರು ನಮ್ಮ ಜಿಲ್ಲೆಯವರೇ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಂದವರು, ಜೀವನವಿಡೀ ಇಂಗ್ಲಿಷ್ ಕಲಿಸಿದವರು, ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. 1980ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರಾಗಿ ಮರುವರ್ಷ ಅವರು ಕೊಟ್ಟ ವರದಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ 150 ಅಂಕಗಳ ಪ್ರಥಮ ಭಾಷೆಯಾಗಬೇಕೆಂದು ಹೇಳಿತು. ಅದರ ಜಾರಿಗಾಗಿ 1982ರಲ್ಲಿ ಡಾ. ರಾಜಕುಮಾರ್ ಮುಂದೆ ನಿಂತ ಚಳವಳಿ ನಮ್ಮ ಹಾವೇರಿ, ರಾಣೆಬೆನ್ನೂರಿನ ಬೀದಿಗಳಿಗೂ ಬಂತು. ಇಂಗ್ಲಿಷನ್ನು ಅಷ್ಟು ಬಲ್ಲವರೇ ಅದನ್ನು ಎರಡನೆಯ ಜಾಗದಲ್ಲಿ ಇಡಿ ಎಂದದ್ದು ಹಲವರಿಗೆ ವಿಚಿತ್ರವೆನಿಸಿತು. ನನಗೆ ಅದು ಸಹಜವೆಂದೇ ತೋರುತ್ತದೆ. ಬೇರೆ ಭಾಷೆಯ ಆಳಕ್ಕೆ ಇಳಿದವನಿಗೆ, ತಾನು ಯಾವ ದಂಡೆಯ ಮೇಲೆ ನಿಂತು ಇಳಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ವರದಿ ಕಾನೂನಿನ ಕಟಕಟೆ ಏರಿತು, ಇಳಿಯಿತು. ಮಾಧ್ಯಮದ ಜಗಳವೂ ಕೋರ್ಟಿಗೆ ಹೋಯಿತು; 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲೂ ಸರಕಾರ ಮಾತೃಭಾಷೆಯ ಮಾಧ್ಯಮವನ್ನು ಹೇರುವಂತಿಲ್ಲ, ಆರಿಸುವ ಸ್ವಾತಂತ್ರ್ಯ ಮಗುವಿನದು, ಮಗುವಿನ ಪರವಾಗಿ ಪಾಲಕರದು ಎಂದು ತೀರ್ಪು ಕೊಟ್ಟಿತು. 2019ರಿಂದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ಕೆಲಸವೂ ಶುರುವಾಯಿತು. ಆರಿಸುವ ಹಕ್ಕು ಯಾರದೆಂದು ನ್ಯಾಯಾಲಯ ಹೇಳಿತು. ಹೇಗೆ ಆರಿಸಬೇಕೆಂದು ಹೇಳುವುದು ಅದರ ಕೆಲಸವಲ್ಲ. ಆ ಕೆಲಸ ನಮ್ಮ ಕಟ್ಟೆಗೆ ಬಂದು ಕೂತಿದೆ.

ಹೇಗೆ ಆರಿಸಬೇಕೆಂದು ಯೋಚಿಸುವಾಗಲೆಲ್ಲ ನನಗೆ ಛಾಂದೋಗ್ಯ ಉಪನಿಷತ್ತಿನ ಒಂದು ಕಥೆ ನೆನಪಾಗುತ್ತದೆ. ಆತ್ಮವನ್ನು ತಿಳಿದವನಿಗೆ ಎಲ್ಲವೂ ದೊರೆಯುತ್ತದೆ ಎಂದು ಪ್ರಜಾಪತಿ ಹೇಳಿದ ಸುದ್ದಿ ದೇವತೆಗಳಿಗೂ ಮುಟ್ಟಿತು, ಅಸುರರಿಗೂ ಮುಟ್ಟಿತು. ದೇವತೆಗಳಿಂದ ಇಂದ್ರ, ಅಸುರರಿಂದ ವಿರೋಚನ, ಇಬ್ಬರೂ ಸಮಿತ್ತು ಹಿಡಿದು ಬಂದರು. 32 ವರ್ಷ ಗುರುವಿನ ಹತ್ತಿರ ಇದ್ದರು. ಅಷ್ಟು ದಿನ ಏನು ಓದಿದರು ಎಂದು ಕಥೆ ಹೇಳುವುದಿಲ್ಲ. ಇದ್ದರು ಎಂದಷ್ಟೇ ಹೇಳುತ್ತದೆ. ನಮ್ಮೂರಿನ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಖಾದಿ ತೊಟ್ಟ ಹುಡುಗರು ಹೊಲದ ಕೆಲಸ, ದನಗಳ ಕೆಲಸ ಮಾಡುತ್ತ ಓದುವುದನ್ನು ನೋಡಿದವನಾದ್ದರಿಂದ ಆ ಇರುವಿಕೆ ನನಗೆ ಅರ್ಥವಾಗುತ್ತದೆ. ಜೊತೆಗಿದ್ದು ಕಲಿಯುವುದನ್ನು ಯಾವ ವೇಳಾಪಟ್ಟಿಯಲ್ಲೂ ಬರೆಯಲು ಬರುವುದಿಲ್ಲ.

ಪ್ರಜಾಪತಿ ಇಬ್ಬರಿಗೂ ಒಂದೇ ಪಾಠ ಕೊಟ್ಟ. ನೀರಿನ ಬೋಗುಣಿಯಲ್ಲಿ ನಿಮ್ಮನ್ನು ನೋಡಿಕೊಳ್ಳಿ, ಕಾಣುವುದೇ ಆತ್ಮ ಎಂದ. ನೋಡಿಕೊಂಡರು. ಒಡವೆ ತೊಟ್ಟು ಮತ್ತೆ ನೋಡಿಕೊಂಡರು. ಇಬ್ಬರೂ ತೃಪ್ತರಾಗಿ ಹೊರಟರು. ವಿರೋಚನ ನೇರ ಮನೆಗೆ ಹೋಗಿ, ದೇಹವೇ ಆತ್ಮ, ಅದನ್ನು ಸಿಂಗರಿಸಿ ಸಲಹಿ ಎಂದು ತನ್ನವರಿಗೆ ಪಾಠ ಮಾಡತೊಡಗಿದ. ಇಂದ್ರನಿಗೆ ಅರ್ಧ ದಾರಿಯಲ್ಲಿ ಸಂಶಯ ಹುಟ್ಟಿತು. ದೇಹ ಕುರುಡಾದರೆ ನೀರಿನಲ್ಲಿ ಕಾಣುವುದೂ ಕುರುಡು. ದೇಹ ಸತ್ತರೆ ಅದೂ ಸಾಯುತ್ತದೆ. ಹೊಳ್ಳಿ ಬಂದ. ಮತ್ತೆ 32 ವರ್ಷ ಇದ್ದ, ಕನಸಿನಲ್ಲಿ ಓಡಾಡುವವನೇ ಆತ್ಮ ಎಂಬ ಪಾಠ ಸಿಕ್ಕಿತು. ಹೊರಟ, ಸಂಶಯ ಬಂತು, ಹೊಳ್ಳಿ ಬಂದ. ಮತ್ತೆ 32, ಗಾಢನಿದ್ರೆಯ ಪಾಠ. ಅದರಲ್ಲೂ ಕೊರತೆ ಕಂಡು ಹೊಳ್ಳಿದ. ಇನ್ನೈದು ವರ್ಷ ಕಳೆದ ಮೇಲೆ ಪೂರ್ಣ ಪಾಠವಾಯಿತು. ಒಟ್ಟು 101 ವರ್ಷ.

ಈ ಕಥೆಯನ್ನು ದೇವತೆ ಜಾಣ, ಅಸುರ ದಡ್ಡ ಎಂದು ಮುಗಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ 32 ವರ್ಷ ಇಬ್ಬರಲ್ಲಿ ಯಾವ ಭೇದವೂ ಇಲ್ಲ. ಒಂದೇ ಆಶ್ರಮ, ಒಂದೇ ಬೋಗುಣಿ, ಒಂದೇ ತೃಪ್ತಿ. ಪ್ರಜಾಪತಿಯಂಥ ಗುರುವೂ ಬಾಗಿಲಲ್ಲೇ ನಿಲ್ಲಿಸಿ ನೀನು ಮೇಲಿನ ಪಾಠಕ್ಕೆ, ನೀನು ಕೆಳಗಿನ ಪಾಠಕ್ಕೆ ಎಂದು ಬೇರೆ ಮಾಡಲಿಲ್ಲ. ಭೇದ ಹುಟ್ಟಿದ್ದು ಪಾಠ ಮುಗಿದ ಮೇಲೆ, ದಾರಿಯ ಮೇಲೆ. ತಿಳಿಯಲಿಲ್ಲ ಎಂದು ತನಗೆ ತಾನೇ ಒಪ್ಪಿಕೊಂಡು ಹೊಳ್ಳಿ ಬರುವ ಶಕ್ತಿ ಒಬ್ಬನಲ್ಲಿತ್ತು. ಯೋಗ್ಯತೆ ಎಂದರೆ ಅದೇ. ಅದು ಪಾಠಕ್ಕೆ ಮೊದಲೇ ಸಿದ್ಧವಾಗಿ ಇರುವುದಲ್ಲ, ಪಾಠದ ಜೊತೆ ತಿಕ್ಕಾಡುತ್ತ ಹುಟ್ಟುವುದು.

ಹಾಗಾದರೆ ಮಟ್ಟವನ್ನು ಆರಿಸುವಾಗ ಕೇಳಬೇಕಾದದ್ದು ಹುಡುಗನಿಗೆ ಎಷ್ಟು ಬರುತ್ತದೆ ಎಂದಲ್ಲ. ಯಾವ ಪುಸ್ತಕದ ಎದುರು ಕೂತಾಗ ಅವನಿಗೆ ಸಂಶಯ ಹುಟ್ಟುತ್ತದೆ, ಯಾವ ಕ್ಲಾಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಾನೆ ಎಂಬುದನ್ನು. ತೀರ ಸುಲಭವಾದ ಪುಸ್ತಕದ ಎದುರು ಸಂಶಯವೇ ಹುಟ್ಟುವುದಿಲ್ಲ. ತೀರ ಕಷ್ಟವಾದದ್ದರ ಎದುರು ಸಂಶಯ ಪಡುವುದಕ್ಕೂ ಹಿಡಿತ ಸಿಗುವುದಿಲ್ಲ. ಎಲ್ಲವೂ ಕತ್ತಲೆಯಾದಾಗ ಯಾವುದು ಕಾಣುವುದಿಲ್ಲವೆಂದು ಹೇಗೆ ಹೇಳುವುದು? ಆಗ ಹುಡುಗ ಗೈಡು ಹಿಡಿಯುತ್ತಾನೆ, ಬಾಯಿಪಾಠ ಮಾಡುತ್ತಾನೆ, ಸುಮ್ಮನಾಗುತ್ತಾನೆ.

ಇಬ್ಬರು ಮಕ್ಕಳ ಮಾತು ಹೇಳುತ್ತೇನೆ. ಒಬ್ಬಳ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಇರಲಿಲ್ಲ. ಅವಳು ಪ್ರಥಮ ಭಾಷೆಯ ಇಂಗ್ಲಿಷ್ ಬೇಕೆಂದು ಹಟ ಹಿಡಿದಾಗ ಶಿಕ್ಷಕರ ಕೋಣೆಯಲ್ಲಿ ನಗೆ ಎದ್ದಿತ್ತು. ಕ್ಲಾಸಿನಲ್ಲಿ ಮಾತ್ರ ಅವಳ ಕೈ ಕೆಳಗಿಳಿಯುತ್ತಿರಲಿಲ್ಲ. "ಸರ್ರ, ಇಲ್ಲೆ 'ಹ್ಯಾಡ್' ಯಾಕ ಎರಡು ಸಲ ಬಂದೈತ್ರಿ? ಆ ಮುದುಕಿ ಅಳಾಕತ್ತಾಳ ಅಂತ ಎಲ್ಲಿ ಬರದೈತ್ರಿ? ನೀವs ಹೇಳಿದ್ರಿ, ಪಾಠದಾಗ ಇಲ್ಲಲ್ರಿ." ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ವ್ಯಾಕರಣ ದೇವರಿಗೇ ಪ್ರೀತಿ. ಆದರೆ ಪುಸ್ತಕದಲ್ಲಿ ಏನಿದೆ, ನಾನು ಏನು ಸೇರಿಸಿದೆ ಎಂದು ಬೇರೆ ಮಾಡಿ ನೋಡುತ್ತಿದ್ದಳು. ಇನ್ನೊಬ್ಬ ಓದುಬರಹದ ಮನೆಯವನು. ಅಕ್ಷರ ಮುತ್ತಿನಂಥವು, ಪ್ರಬಂಧ ಒಂದೂ ಕಾಮಾ ತಪ್ಪದೆ ಬಾಯಿಪಾಠ. ಅದೇ ಪ್ರಬಂಧದ ಒಂದು ಸಾಲನ್ನು ಹಿಡಿದು ಹಾಗೆಂದರೇನಪ್ಪ ಎಂದರೆ ಬೆವರುತ್ತಿದ್ದ. ಅಂಕದಲ್ಲಿ ಅವನೇ ಮುಂದಿದ್ದ. ಒಂದು ವರ್ಷ ದ್ವಿತೀಯ ಭಾಷೆಯ ಪುಸ್ತಕದ ಜೊತೆ ಕೂತಿದ್ದರೆ ಅವನಿಗೂ ಪ್ರಶ್ನೆ ಹುಟ್ಟುತ್ತಿದ್ದವು ಎಂದು ನನ್ನ ನಂಬಿಕೆ. ಆದರೆ ಕೆಳಗಿನ ಮಟ್ಟಕ್ಕೆ ಇಳಿಯುವುದು ಆ ಮನೆಗೆ ಮಾನದ ಪ್ರಶ್ನೆಯಾಗಿತ್ತು.

ತಿಳಿಯಲಿಲ್ಲ, ಆಗಲಿಲ್ಲ ಎನ್ನುವುದನ್ನು ಅವಮಾನವೆಂದು ನಾವು ಯಾವಾಗ ಕಲಿತೆವೋ ಗೊತ್ತಿಲ್ಲ. ಬ್ಯಾಡಗಿಯಿಂದ ಕಾಗಿನೆಲೆ ದೂರವಿಲ್ಲ. ಅಲ್ಲಿಯ ಕನಕದಾಸರ ಬಗ್ಗೆ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆ ಒಂದಿದೆ. ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆ ಬಾಳೆಹಣ್ಣು ಕೊಟ್ಟರು. ಎಲ್ಲರೂ ಕೊಟ್ಟ ಕೆಲಸ ಮುಗಿಸಿ ಬಂದರು. ಕನಕ ಹಣ್ಣನ್ನು ಹಾಗೇ ತಂದ. ದೇವರು ಕಾಣದ ಜಾಗ ಸಿಗಲಿಲ್ಲ ಎಂದ. ಇದನ್ನು ಭಕ್ತಿಯ ಕಥೆಯೆಂದು ಹೇಳುತ್ತೇವೆ, ಹೌದು. ಶಿಕ್ಷಕನ ಕಣ್ಣಿಗೆ ಇದು ಪರೀಕ್ಷೆಯ ಕಥೆಯೂ ಹೌದು. ಇಡೀ ಮಠದಲ್ಲಿ ಪ್ರಶ್ನೆಯನ್ನೇ ಪ್ರಶ್ನಿಸಿ ನೋಡಿದವನು ಒಬ್ಬನೇ, ಉತ್ತರಪತ್ರಿಕೆ ಖಾಲಿ ಕೊಟ್ಟವನೂ ಅವನೇ. ಆ ಖಾಲಿ ಉತ್ತರದ ಬೆಲೆ ಗೊತ್ತಾಗಲು ವ್ಯಾಸರಾಯರೇ ಬೇಕಾಯಿತು. ಜೊತೆಯ ಶಿಷ್ಯರ ಕೈಗೆ ಮೌಲ್ಯಮಾಪನ ಕೊಟ್ಟಿದ್ದರೆ ಕನಕ ನಪಾಸು.

ಸಂಶಯ ಹುಟ್ಟಿಸುವ ಪುಸ್ತಕವನ್ನೇ ಆರಿಸಬೇಕೆಂಬ ಮಾತಿಗೆ ಬಲವಾದ ಆಕ್ಷೇಪವಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಇಂದ್ರನಿಗೆ 101 ವರ್ಷ ಇತ್ತು, ನಮ್ಮ ಮಕ್ಕಳಿಗೆ ಮೂರೇ ವರ್ಷ. ಹತ್ತನೆಯದರ ಆಚೆಗೆ ಪಿಯುಸಿ ನಿಂತಿದೆ. ಅಲ್ಲಿ ಇಂಗ್ಲಿಷ್ ಎಲ್ಲರಿಗೂ ಒಂದೇ. ಪ್ರಥಮ ಭಾಷೆಯಲ್ಲಿ ಓದಿದವನೂ ದ್ವಿತೀಯದಲ್ಲಿ ಓದಿದವನೂ ಒಂದೇ ಬೆಂಚಿನಲ್ಲಿ ಒಂದೇ ಪುಸ್ತಕ ತೆರೆಯುತ್ತಾರೆ. ವಿಜ್ಞಾನ ಹಿಡಿದ ಕನ್ನಡ ಮಾಧ್ಯಮದ ಹುಡುಗನಿಗೆ ಭೌತಶಾಸ್ತ್ರವೂ ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷ್ ಮಾತಾಡತೊಡಗುತ್ತದೆ. ನಿಧಾನಕ್ಕೆ ಅರಳಲಿ ಎಂದು ಕಾಯುವುದು ಉಳ್ಳವರ ವಿಲಾಸವಲ್ಲವೇ ಎಂದು ಹಮಾಲಿಯ ಮಗ ನನ್ನನ್ನು ಕೇಳಬಹುದು.

ಇದು ನಮ್ಮೊಬ್ಬರ ಇಕ್ಕಟ್ಟಲ್ಲ. ಇಂಗ್ಲೆಂಡಿನ ಮಕ್ಕಳು ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇಯಲ್ಲಿ ಗಣಿತಕ್ಕೆ ಎರಡು ಮಟ್ಟಗಳಿವೆ. ಕೆಳಗಿನದನ್ನು ಆರಿಸಿಕೊಂಡವನು ಎಷ್ಟೇ ಚೆನ್ನಾಗಿ ಬರೆದರೂ 9ರವರೆಗಿನ ಶ್ರೇಣಿಯಲ್ಲಿ 5ನ್ನು ದಾಟುವಂತಿಲ್ಲ. ಇಂಗ್ಲಿಷಿಗೆ ಮಾತ್ರ ಅಲ್ಲಿ ಈಗ ಎಲ್ಲರಿಗೂ ಒಂದೇ ಪತ್ರಿಕೆ. ಅಮೆರಿಕದ ಹೈಸ್ಕೂಲುಗಳಲ್ಲಿ ಸಾಮಾನ್ಯ, ಆನರ್ಸ್, ಎಪಿ ಎಂದು ಒಂದೇ ಇಂಗ್ಲಿಷಿಗೆ ಹಲವು ಕ್ಲಾಸುಗಳಿರುತ್ತವೆ. ಅಲ್ಲಿ ನೆಲೆಸಿದ ನಮ್ಮ ಕಡೆಯವರೂ ಮಗಳು ಆನರ್ಸಿಗೆ ಸೇರಿದಳೋ ಇಲ್ಲವೋ ಎಂದು ಫೋನಿನಲ್ಲಿ ಚಿಂತೆ ಮಾಡುತ್ತಾರೆ. ಮಟ್ಟಗಳನ್ನು ಮಾಡಿದರೆ ಕೆಳಗಿನವನು ಮೇಲೇರುವುದಕ್ಕೆ ಮಿತಿ ಬೀಳುತ್ತದೆ. ಮಾಡದಿದ್ದರೆ ಕೆಲವರು ಮೊದಲ ದಿನವೇ ಕಳೆದುಹೋಗುತ್ತಾರೆ. ಎರಡೂ ನಿಜ.

ಆದ್ದರಿಂದ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು. ಸಮಯ ಕಡಿಮೆ ಇದೆ ಎಂಬುದಕ್ಕಾಗಿಯೇ ಬಾಯಿಪಾಠದಲ್ಲಿ ಮೂರು ವರ್ಷ ಕಳೆಯಬಾರದು. ಪಿಯುಸಿಯಲ್ಲಿ ಬೀಳುವವನು ಕೆಳಗಿನ ಪುಸ್ತಕ ಓದಿದವನಲ್ಲ, ಕೇಳುವುದನ್ನು ಮರೆತವನು. ಕಟ್ಟೆಗೆ ಬಂದವರಿಗೆ ನಾನು ಹೇಳುವುದೂ ಇದನ್ನೇ. ಎರಡೂ ಪುಸ್ತಕ ತನ್ನಿ. ಹುಡುಗನಿಗೆ ಒಂದೊಂದು ಪುಟ ಓದಲು ಕೊಡಿ. ಪ್ರಶ್ನೆಗೆ ಉತ್ತರ ಹೇಳಿಸಬೇಡಿ. ಏನು ತಿಳಿಯಲಿಲ್ಲ ಎಂದು ಕೇಳಿ, ಕನ್ನಡದಲ್ಲೇ ಹೇಳಲಿ. ಈ ಶಬ್ದ, ಈ ಸಾಲು, ಈ ಮನುಷ್ಯ ಯಾಕೆ ಹೀಗೆ ಮಾಡಿದ ಎಂದು ಬೆರಳಿಟ್ಟು ತೋರಿಸಿದರೆ ಅದೇ ಅವನ ಪುಸ್ತಕ. ಎಲ್ಲಾ ತಿಳಿಯಿತು ಎಂದರೂ ಏನೂ ತಿಳಿಯಲಿಲ್ಲ ಎಂದರೂ ಅದು ಅವನದಲ್ಲ. ದ್ವಿತೀಯ ಭಾಷೆಯನ್ನು ಆರಿಸಿಕೊಂಡರೆ ಪ್ರಥಮ ಭಾಷೆಯ ಪುಸ್ತಕವೂ ಮನೆಯಲ್ಲಿರಲಿ, ಬೇಸಿಗೆಯ ರಜೆಯಲ್ಲಿ ತೆರೆಯಲಿ. ಸರಕಾರ ಅದನ್ನೇನೂ ಅಡಗಿಸಿಟ್ಟಿಲ್ಲ. ಪ್ರಥಮ ಭಾಷೆಯನ್ನು ಆರಿಸಿಕೊಂಡರೆ, ಸಂಜೆ ಅವನ ಸಂಶಯ ಕೇಳುವ ಕಿವಿ ಮನೆಯಲ್ಲೋ ಓಣಿಯಲ್ಲೋ ಹಾಸ್ಟೆಲಿನಲ್ಲೋ ಇದೆಯೇ ನೋಡಿ. ಆ ಕಿವಿಗೆ ಇಂಗ್ಲಿಷ್ ಬರಬೇಕೆಂದೇನಿಲ್ಲ, ತಾಳ್ಮೆ ಇದ್ದರೆ ಸಾಕು.

ಕೆಳಗಿನ ಮಟ್ಟ ಕೀಳಲ್ಲ ಎನ್ನಲು ದೂರದ ಸಾಕ್ಷಿ ಬೇಡ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಇಂಗ್ಲಿಷ್ ಶಾಲೆಗೆ ಹೊರಳಿದವನು ಮ್ಯಾಟ್ರಿಕ್ ಕಡೆ ನಡೆಯುತ್ತಿದ್ದ. ಕನ್ನಡ ಶಾಲೆಯಲ್ಲೇ ಉಳಿದವನ ಓದು ಮುಲ್ಕಿ ಪರೀಕ್ಷೆಗೆ ನಿಲ್ಲುತ್ತಿತ್ತು. ಶಿಶುನಾಳದ ಷರೀಫರು ಮುಲ್ಕಿ ಪಾಸಾಗಿ ಕೆಲಕಾಲ ಮಾಸ್ತರಿಕೆ ಮಾಡಿದವರೆಂದು ಹೇಳುತ್ತಾರೆ. ಆ ಮುಸಲ್ಮಾನ ಹುಡುಗನನ್ನು ಕಳಸದ ಗೋವಿಂದಭಟ್ಟರು ಶಿಷ್ಯನನ್ನಾಗಿ ತೆಗೆದುಕೊಂಡಾಗ ಯಾವ ಶಾಲೆಯ ಓದು, ಯಾವ ಕುಲದ ಹುಟ್ಟು ಎಂದು ನೋಡಲಿಲ್ಲ. ಹುಡುಗನ ಒಳಗಿನ ಹಸಿವನ್ನು ನೋಡಿದರು.

ಇಲ್ಲಿಯವರೆಗೆ ಹುಡುಗನ ಯೋಗ್ಯತೆಯ ಮಾತೇ ಆಡಿದೆವು. ಗುರುವಿನ ಯೋಗ್ಯತೆಯನ್ನೂ ನೋಡಬೇಕು. ಇಂದ್ರ ಮೂರು ಸಲ ಹೊಳ್ಳಿ ಬಂದಾಗಲೂ ಪ್ರಜಾಪತಿ ಬೇಸರಪಡಲಿಲ್ಲ. ಕಲಿಸಿದ್ದು ತಲೆಗೆ ಹತ್ತಲಿಲ್ಲವೇ ಎಂದು ಗದರಲಿಲ್ಲ. ತೃಪ್ತನಾಗಿ ಹೋದವನು ಏನು ಬೇಕೆಂದು ಬಂದೆ ಎಂದು ಕೇಳಿದ, ಸಂಶಯ ಸರಿಯಾಗಿದೆ ಎಂದು ಒಪ್ಪಿಕೊಂಡ, ಇರು ಎಂದ. ತಾನು ಕೊಟ್ಟ ಪಾಠದಲ್ಲಿ ಕೊರತೆಯಿದೆ ಎಂದು ಶಿಷ್ಯ ಎದುರಿಗೆ ನಿಂತು ಹೇಳಿದರೂ ಸಹಿಸುವ ಗುರು ಇಲ್ಲದಿದ್ದರೆ ಇಂದ್ರನೂ ಎರಡನೆಯ ಸಲ ಬರುತ್ತಿರಲಿಲ್ಲ. ವಿರೋಚನನ ಹಾಗೆ ಬೋಗುಣಿಯ ಪಾಠವನ್ನೇ ಊರಿಗೆಲ್ಲ ಹಂಚುತ್ತಿದ್ದ. ಪ್ರವೇಶದ ಅರ್ಜಿಯಲ್ಲಿ ಮಗುವಿನ ಮಟ್ಟ ಬರೆಯಲು ಜಾಗವಿದೆ. ಆ ತರಗತಿಯಲ್ಲಿ 'ತಿಳೀಲಿಲ್ರಿ ಸರ' ಎಂದರೆ ಏನಾಗುತ್ತದೆ ಎಂದು ಬರೆಯಲು ಜಾಗವಿಲ್ಲ. ಅದನ್ನು ಪಾಲಕರೇ ಹೋಗಿ, ಮಾಸ್ತರರ ಎದುರಿಗೆ ಕೂತು, ಕೇಳಿ ತಿಳಿದುಕೊಳ್ಳಬೇಕು. ಕೇಳಿದ್ದಕ್ಕೆ ಸಿಟ್ಟಾಗುವ ಮಾಸ್ತರನ ಕ್ಲಾಸಿನಲ್ಲಿ ಯಾವ ಮಟ್ಟದ ಇಂಗ್ಲಿಷ್ ಇದ್ದರೂ ಒಂದೇ.